ಜೇಬಿನ ಬಾಯಿಯ ಎತ್ತರ

ಮರವನ್ನು ಕಡಿಯದೆ ತೂಗುವುದು ನಮ್ಮ ಕೆಲಸ. ಹೇಳಿದರೆ ಜನ ನಗುತ್ತಾರೆ. ಬೇಗಂ ಬಜಾರಿನ ಕಿರಾಣಿ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುವ ನನ್ನ ಷಡ್ಡಕನಂತೂ ಮೂವತ್ತು ವರ್ಷದಿಂದ ನಗುತ್ತಲೇ ಇದ್ದಾನೆ. "ನಿಂತ ಮರ ಹೆಂಗ ತೂಗ್ತೀಯೋ ಹಂಪಯ್ಯಾ? ಅದೇನು ತಾನಾ ಬಂದು ತಕ್ಕಡ್ಯಾಗ ಕುಂದರತೈತೇನು?" ಮೊದಮೊದಲು ನಾನು ವಿವರಿಸುತ್ತಿದ್ದೆ. ಮರದ ಸುತ್ತಳತೆ ಬೇಕು, ಎತ್ತರ ಬೇಕು, ಅದರ ಕಟ್ಟಿಗೆ ಎಷ್ಟು ಗಟ್ಟಿ ಅನ್ನುವುದು ಬೇಕು. ಮೂರನ್ನೂ ಸೂತ್ರಕ್ಕೆ ಹಾಕಿದರೆ ಮರದ ತೂಕ ಬರುತ್ತದೆ. ಎಲ್ಲ ಮರಗಳದ್ದನ್ನು ಕೂಡಿಸಿದರೆ ಕಾಡಿನ ತೂಕ ಬರುತ್ತದೆ. ಈಗ ವಿವರಿಸುವುದನ್ನು ಬಿಟ್ಟಿದ್ದೇನೆ. ನಿವೃತ್ತಿಗೆ ಎಂಟು ತಿಂಗಳಿದೆ, ಬೆನ್ನು ನೋಯುತ್ತದೆ, ಷಡ್ಡಕನನ್ನು ತಿದ್ದುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ಹೈದರಾಬಾದಿನ ಹೊರವರ್ತುಲ ರಸ್ತೆಯಾಚೆ, ಕಾಡಿನ ಮರಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕ್ಷೇತ್ರ ಸಹಾಯಕ. ಅಂದರೆ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮರಗಳನ್ನು ಕಾಡಿಗೆ ಹೋಗಿ ಮುಟ್ಟಿ ಬರುವವನು. ಲಿಂಗಸುಗೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅಪ್ಪನ ಹಿಂದೆ ನಾನೂ ಬಂದೆ. ಸಂಸ್ಥೆಯ ಕಾಂಪೌಂಡು ಕಟ್ಟಲು ಬಂದವನು ಒಳಗೇ ಉಳಿದುಬಿಟ್ಟೆ. ದಿನಾ ದಿಲ್‌ಸುಖ್‌ನಗರದಿಂದ ಮಿಯಾಪುರದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು, ಬಸ್ಸಿಳಿದು ಒಂದು ಮೈಲಿ ನಡಿಗೆ. ಈ ಮೂವತ್ತೊಂದು ವರ್ಷದಲ್ಲಿ ನಾನು ಅಳೆದ ಮರಗಳಿಗಿಂತ ನನ್ನನ್ನು ಅಳೆದ ಬಸ್ಸಿನ ಸೀಟುಗಳೇ ಹೆಚ್ಚು.

ನರಸಾಪುರದ ಕಡೆಯ ಕಾಡಿನಲ್ಲಿ ಅಳತೆಗೆಂದು ಗುರುತಿಸಿಟ್ಟ ನಮ್ಮ ಹನ್ನೆರಡು ಪ್ಲಾಟುಗಳಿವೆ. ಅಲ್ಲಿರುವ ಒಂದೊಂದು ಮರಕ್ಕೂ ತಗಡಿನ ನಂಬರು ಹೊಡೆದಿದೆ. ಐದು ವರ್ಷಕ್ಕೊಮ್ಮೆ ಹೋಗಿ ಅದೇ ಮರಗಳ ಸುತ್ತಳತೆ ತೆಗೆದು, ಎಷ್ಟು ದಪ್ಪವಾಗಿವೆ ನೋಡುತ್ತೇವೆ. ಎಲ್ಲೆಂದರಲ್ಲಿ ಟೇಪು ಸುತ್ತುವಂತಿಲ್ಲ. ಮರ ಬುಡದಲ್ಲಿ ದಪ್ಪ, ಮೇಲೇರಿದಂತೆ ಸಣ್ಣ. ಅದಕ್ಕೇ ನೆಲದಿಂದ ನೂರಾ ಮೂವತ್ತು ಸೆಂಟಿಮೀಟರು ಮೇಲೆ ಅಳೆಯಬೇಕೆಂಬ ಕಟ್ಟಳೆ. ಎದೆಯೆತ್ತರ ಅನ್ನುತ್ತಾರೆ. 2013ರಲ್ಲಿ ಬಿದಿರು ಕೋಲೊಂದನ್ನು ಸರಿಯಾಗಿ ಆ ಉದ್ದಕ್ಕೆ ಕತ್ತರಿಸಿಕೊಂಡು, ಅದರ ತುದಿ ತಾಗುವಲ್ಲಿ ಪ್ರತಿ ಮರಕ್ಕೂ ಬಿಳಿ ಬಣ್ಣದ ಪಟ್ಟಿ ಎಳೆದಿದ್ದೆವು. 2018ರಲ್ಲಿ ಹೋದಾಗ ಬೇಸಿಗೆಯ ನೆಲಬೆಂಕಿಗೆ ಮಸಿ ಹಿಡಿದು, ತೊಗಟೆ ಸುಲಿದು, ಮುಕ್ಕಾಲು ಮರಗಳಲ್ಲಿ ಪಟ್ಟಿ ಮಾಯವಾಗಿತ್ತು. ಕೋಲು ಇತ್ತು. ಆದರೆ ಎರಡನೇ ದಿನವೇ ಮೌನಪ್ಪನ ಜನ ಅದನ್ನು ಮುರಿದು ಚಹಾ ಕಾಸಿದರು.

ಮೌನಪ್ಪ ಯಾದಗಿರಿಯವನು. ಕಟ್ಟಡದ ಕೆಲಸ ಸಿಗದ ದಿನಗಳಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಜೊತೆ ಕಾಡಿಗೆ ದಿನಗೂಲಿಗೆ ಬರುತ್ತಾನೆ, ಪೊದೆ ಸವರಲು, ಟೇಪಿನ ತುದಿ ಹಿಡಿಯಲು. "ಭಾಳ ಒಣಗಿತ್ತಲ್ರಿ, ಅದಕ್ಕ ಒಲಿಗೆ ಹಾಕಿದ್ವಿ" ಎಂದ. ಬಾಯಿಗೆ ಬಂದಂತೆ ಬೈದೆ. ಬೈದು, ಅದೇ ಚಹಾ ಕುಡಿದೆ.

ಆಗ ನನ್ನ ಜೇಬು ಕೆಲಸಕ್ಕೆ ಬಂತು. ಬೂಟು ಹಾಕಿ ನಿಂತರೆ ನನ್ನ ಅಂಗಿಯ ಜೇಬಿನ ಬಾಯಿ ನೆಲದಿಂದ ಸರಿಯಾಗಿ ನೂರಾ ಮೂವತ್ತು. ನಮ್ಮ ಹಿರಿಯ ವಿಜ್ಞಾನಿ ವಿಶ್ವಜಿತ್ ಸರ್ ಅಂದು ತಾವೇ ಟೇಪು ಹಿಡಿದು ನೋಡಿದರು. ಕೂದಲೆಳೆಯ ವ್ಯತ್ಯಾಸವಿಲ್ಲ. "ಇವನು ಚಲ್ತಾ ಫಿರ್ತಾ ಸ್ಕೇಲ್" ಎಂದು, ಅಂದರೆ ನಡೆದಾಡುವ ಅಳತೆಪಟ್ಟಿ ಎಂದು, ಬೆನ್ನು ತಟ್ಟಿದರು. ಅಲ್ಲಿಂದ ಮುಂದೆ ನಾನು ಮರಕ್ಕೆ ಎದೆಯೊಡ್ಡಿ ನಿಲ್ಲುವುದು, ಜೇಬಿನ ಬಾಯಿ ತಾಗುವಲ್ಲಿ ಸುಣ್ಣದ ಕಡ್ಡಿಯಿಂದ ಗೀರುವುದು, ಹಿಂದೆ ಬಂದವರು ಅಲ್ಲಿ ಬಣ್ಣ ಹಚ್ಚಿ ಅಳೆಯುವುದು ರೂಢಿಯಾಯಿತು. ದಿಲ್‌ಸುಖ್‌ನಗರದ ದರ್ಜಿಗೆ, ಹೊಸ ಅಂಗಿ ಹೊಲಿದಾಗಲೆಲ್ಲ ಜೇಬು ಹಳೆಯ ಜಾಗದಲ್ಲೇ ಇರಬೇಕು ಎಂದು ತಾಕೀತು ಮಾಡುತ್ತಿದ್ದೆ. ಅವನು ನನ್ನನ್ನು ಅರೆಹುಚ್ಚ ಅಂದುಕೊಂಡಿದ್ದ. ನಾನು ಮಾತ್ರ ಜಂಬದಿಂದಿದ್ದೆ. ಹೇಳಿಕೊಳ್ಳಲು ನನ್ನ ಬಳಿ ಇನ್ನೇನಿತ್ತು?

2018ರ ಪಟ್ಟಿಗಳೂ ಬೆಂಕಿಗೆ ಅಳಿಸಿಹೋಗಿದ್ದವು, 2023ರ ಅಳತೆಯನ್ನೂ ಹೀಗೇ ಮುಗಿಸಿದೆವು. ಆ ವರ್ಷ ಅಂಕಿಗಳನ್ನು ಬರೆದುಕೊಂಡವಳು ಭಾಗ್ಯಶ್ರೀ. ಸಿಂಧನೂರಿನ ಹುಡುಗಿ, ಕೊಂಡಾಪುರದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ವಿಶ್ವಜಿತ್ ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಸಂಸ್ಥೆಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಎಲ್ಲರೆದುರು ನಾನು ಮೇಡಂ ಅನ್ನುತ್ತಿದ್ದೆ, ಅವಳು ಹಂಪಯ್ಯಾಜಿ ಅನ್ನುತ್ತಿದ್ದಳು. ಇಬ್ಬರೇ ಇದ್ದಾಗ ಅವಳಿಗೆ ನಾನು ಕಾಕಾ, ನನಗೆ ಅವಳು ಅವ್ವಾ.

ಅಂಕಿಗಳನ್ನು ಕೂಡಿಸಿದಾಗ ದೊಡ್ಡ ಸುದ್ದಿ ಹೊರಟಿತು. ಮೊದಲ ಐದು ವರ್ಷದಲ್ಲಿ ತೇಗದ ಮರಗಳ ಸುತ್ತಳತೆ ಸರಾಸರಿ ಎರಡೂವರೆ ಸೆಂಟಿಮೀಟರು ಹೆಚ್ಚಿತ್ತು. ನಂತರದ ಐದು ವರ್ಷದಲ್ಲಿ ಮೂರೂವರೆ! ಕಾಡು ಮೊದಲಿಗಿಂತ ಬೇಗ ಬೆಳೆಯುತ್ತಿದೆ, ಮೊದಲಿಗಿಂತ ಬೇಗ ತೂಕ ಏರಿಸಿಕೊಳ್ಳುತ್ತಿದೆ ಎಂದಾಯಿತು. ಸರ್ ಸಭೆಗಳಲ್ಲಿ ಹೇಳತೊಡಗಿದರು. ಭಾಗ್ಯಶ್ರೀಯ ಪ್ರಬಂಧ ಪೂರ್ತಿ ಅದರ ಮೇಲೇ ನಿಂತಿತು. ಒಂದೇ ಕೆಲಸ ಬಾಕಿಯಿತ್ತು. ಮರದೊಳಗಿನ ಕಟ್ಟಿಗೆಯೂ ಅದನ್ನೇ ಹೇಳುತ್ತದೆಯೋ ನೋಡಬೇಕಿತ್ತು.

ಅದಕ್ಕೆ ಬೋರರ್ ಎಂಬ ಟೊಳ್ಳು ತಿರುಪನ್ನು ಮರಕ್ಕೆ ತಿರುಗಿಸಿ, ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿಯನ್ನು ಹೊರಗೆಳೆಯುತ್ತಾರೆ. ಕಡ್ಡಿಯನ್ನು ನೀರಲ್ಲಿ ನೆನೆಸಿ, ಅದು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ ನೋಡಿ, ಓವನ್ನಿನಲ್ಲಿ ಎರಡು ಮೂರು ದಿನ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ತೂಗಿದರೆ ಕಟ್ಟಿಗೆ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ. ತೇಗದಲ್ಲಿ ವರ್ಷಕ್ಕೊಂದು ಉಂಗುರ. ಭೂತಗನ್ನಡಿ ಹಿಡಿದು ಉಂಗುರದ ಅಗಲ ಅಳೆದರೆ ಮರ ಯಾವ ವರ್ಷ ಎಷ್ಟು ದಪ್ಪವಾಯಿತು ಎಂಬುದೂ ಸಿಗುತ್ತದೆ. ಭಾಗ್ಯಶ್ರೀ ಅರವತ್ತು ಮರ ಕೊರೆದಳು. ಸುತ್ತಳತೆಯ ಲೆಕ್ಕಕ್ಕೆ ತಂದಾಗ ಉಂಗುರಗಳು ಎರಡೂವರೆ ಅಂದವು. ಟೇಪು ಮೂರೂವರೆ ಅಂದಿತ್ತು. ಕಟ್ಟಿಗೆಯ ಗಟ್ಟಿತನದಲ್ಲೂ ಏನೂ ಬದಲಾವಣೆ ಇರಲಿಲ್ಲ.

"ಒಣಗಿದ ಮೇಲೆ ಕಟ್ಟಿಗೆ ಕುಗ್ಗುತ್ತದೆ. ನೀನು ಒಣಗಿದ ಮೇಲೆ ಅಳೆದಿದ್ದೀಯ" ಎಂದರು ಸರ್. ಅವಳು ಇನ್ನೊಂದು ಮೂವತ್ತು ಮರ ಕೊರೆದು, ಹಸಿ ಇರುವಾಗಲೇ ಅಳೆದಳು. ಮತ್ತೆ ಎರಡೂವರೆ. "ಬೋರರ್ ಓರೆ ಹಿಡಿದಿದ್ದೀಯ" ಎಂದರು. ಮತ್ತೆ ಕೊರೆದಳು. ಆ ವೇಳೆಗೆ ಪ್ರಬಂಧ ಒಪ್ಪಿಸುವ ಗಡುವನ್ನು ಎರಡು ಸಲ ಮುಂದೂಡಿಯಾಗಿತ್ತು, ಇನ್ನೊಮ್ಮೆ ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು. ಒಂದು ದಿನ ಲ್ಯಾಬಿನಲ್ಲಿ ನನ್ನೆದುರೇ ಸರ್ ಅವಳಿಗೆ ಹೇಳಿದರು: "ಹಂಪಯ್ಯನ ಟೇಪು ಮೂವತ್ತು ವರ್ಷದಲ್ಲಿ ತಪ್ಪಿಲ್ಲ. ತಪ್ಪು ನಿನ್ನ ಕೈಯಲ್ಲಿದೆ." ನಾನು ಅಲ್ಲೇ ನಿಂತಿದ್ದೆ. ಹೊಗಳಿಕೆ ಕೇಳಿ ಮೀಸೆಯೊಳಗೆ ನಕ್ಕಿದ್ದೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ವಾರವೇ ಬೆನ್ನುನೋವು ತಡೆಯಲಾರದೆ ದಿಲ್‌ಸುಖ್‌ನಗರದ ಮೂಳೆ ಡಾಕ್ಟರ ಬಳಿ ಹೋದೆ. ನರ್ಸಮ್ಮ ನನ್ನನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಳಿಸಿ, ನೂರಾ ಅರವತ್ತೊಂದು ಎಂದು ಬರೆದುಕೊಂಡಳು. ನೂರಾ ಅರವತ್ತೆಂಟು ಎಂದು ತಿದ್ದಿದೆ. ಅಳತೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಗತ್ತು. ಅವಳು ಮತ್ತೆ ಅಳೆದು ಮತ್ತೆ ಅರವತ್ತೊಂದೇ ಅಂದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನಿನ ಮೂರು ಮೂಳೆಗಳು ಕುಸಿದಿವೆ, ಮೇಲ್ಭಾಗ ಬಾಗಿದೆ, ಇದು ನಿಧಾನವಾಗಿ ಆದದ್ದು, ನಾಲ್ಕೈದು ವರ್ಷದಿಂದ ಆಗುತ್ತಿರಬೇಕು ಎಂದು ತೆಲುಗಿನಲ್ಲಿ ತಿಳಿಸಿ ಹೇಳಿದರು. ಭಾರ ಎತ್ತಬೇಡಿ, ಹಾಲು ಕುಡಿಯಿರಿ ಅಂದರು.

ಹೊರಬಂದಾಗ ಸಂಜೆಯಿನ್ನೂ ಪೂರ್ತಿ ಇಳಿದಿರಲಿಲ್ಲ. ಕೋಚಿಂಗ್ ಸೆಂಟರುಗಳು ಬಿಟ್ಟು ಹುಡುಗ ಹುಡುಗಿಯರು ಚೀಲ ಹೊತ್ತು ಫುಟ್‌ಪಾತ್ ತುಂಬಿ ಬರುತ್ತಿದ್ದರು. ತಳ್ಳಾಟ ತಪ್ಪಿಸಿಕೊಳ್ಳಲು ಮೆಟ್ರೋ ಕಂಬವೊಂದಕ್ಕೆ ಎದೆಯೊರಗಿಸಿ ನಿಂತೆ. ಕಂಬಕ್ಕೆ ಹಳದಿ ಕಪ್ಪು ಬಣ್ಣದ ಪಟ್ಟಿ ಬಳಿದಿದ್ದರು. ಆ ಪಟ್ಟಿಯ ಅಂಚು ನನ್ನ ಮುಖದೆದುರಿಗಿತ್ತು. ಅದನ್ನು ನೋಡುತ್ತ, ಮಾಮೂಲಿನಂತೆ, ನನ್ನ ಜೇಬು ಎಲ್ಲಿ ತಾಗಿದೆ ಎಂದು ಕೆಳಗೆ ನೋಡಿದೆ. ಅಷ್ಟೇ. ನಾನು ಬಾಗಿದ್ದರೆ ಜೇಬು ಇಳಿದಿದೆ. ಜೇಬು ಇಳಿದಿದ್ದರೆ ಗೀರು ಇಳಿದಿದೆ. ಗೀರು ಇಳಿದರೆ ಮರ ದಪ್ಪ.

ಮನೆಗೆ ಹೋದವನು ಬೂಟು ಬಿಚ್ಚದೆ ನೇರ ಅಡುಗೆಮನೆಗೆ ನಡೆದೆ. ಗದಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ನನ್ನ ಹೆಂಡತಿ ಓಣಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುವವಳು, ಕೊರಳಲ್ಲಿ ಸದಾ ಟೇಪು.

"ಬೂಟು ಹಾಕ್ಕೊಂಡು ಅಡಿಗಿಮನಿಗೆ ಬರ್ತಾರೇನ್ರಿ? ತಲಿ ನೆಟ್ಟಗೈತಿಲ್ಲೋ?"

"ನೆಟ್ಟಗ ಅದೀನಿಲ್ಲೋ ಅಂತನ ನೋಡಬೇಕಾಗೈತಿ. ನೆಲದಿಂದ ಈ ಜೇಬಿನ ಬಾಯಿ ತನಕ ಅಳಿ."

ಅವಳು ಹಿಟ್ಟಿನ ಕೈ ಒರೆಸಿಕೊಂಡು, ಗೊಣಗುತ್ತ ಕುಳಿತು, ಟೇಪು ಹಿಡಿದಳು. "ನೂರಾ ಇಪ್ಪತ್ಮೂರು."

"ಇನ್ನೊಂದ್ಸಲ ನೋಡು."

"ಎಷ್ಟು ಸಲ ನೋಡಿದ್ರೂ ಅಷ್ಟ ರೀ. ನಾ ಏನು ಅಳತಿ ನಿನ್ನೆ ಕಲಿತೀನೇನು?"

ಏಳು ಸೆಂಟಿಮೀಟರು. ನಾನು ಅಲ್ಲೇ ಡಬ್ಬಿಗಳ ಕಪಾಟಿಗೆ ಒರಗಿ ನೆಲದ ಮೇಲೆ ಕುಳಿತೆ. ಎಲ್ಲ ಹೇಳಿದೆ. ಮರ ಬೇಗ ಬೆಳೆದಿಲ್ಲ, ನಾನು ಕುಗ್ಗಿದ್ದೇನೆ. ಹುಡುಗಿ ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಸಾಯುತ್ತಿದ್ದಾಳೆ ಎಂದೆ. ಗದಿಗೆಮ್ಮ ಹಂಚಿನ ಮೇಲೆ ಸೀದ ರೊಟ್ಟಿಯನ್ನು ತೆಗೆದಿಟ್ಟು, "ಹಂಗಾದ್ರ ನಾಳೆ ಹೋಗಿ ಹೇಳ್ರಿ. ಇದರಾಗೇನೈತಿ?" ಎಂದಳು.

ಇದರಲ್ಲಿ ಏನಿದೆ ಎಂದು ಅವಳಿಗೆ ಹೇಗೆ ಹೇಳಲಿ? ನನಗೆ ಡಿಗ್ರಿಯಿಲ್ಲ, ಇಂಗ್ಲಿಷು ಬರುವುದಿಲ್ಲ. ಸಂಸ್ಥೆಯಲ್ಲಿ ನಾನೆಂದರೆ ನನ್ನ ಅಳತೆ. ಅದೂ ಹೋದರೆ ಬೆನ್ನುನೋವಿನ ಮುದುಕನೊಬ್ಬ ಉಳಿಯುತ್ತಾನೆ, ಅಷ್ಟೇ. ಮರುದಿನ ಹೇಳಲಿಲ್ಲ. ಸರ್ ದೆಹಲಿಗೆ ಹೋಗಿದ್ದಾರೆ, ಬರಲಿ ಎಂದುಕೊಂಡೆ. ಬಂದರು. ದಣಿದಿದ್ದಾರೆ, ನಾಳೆ ಎಂದುಕೊಂಡೆ. ನಾಳೆ ಭಾನುವಾರವಾಯಿತು. ಗದಿಗೆಮ್ಮ ದಿನಾ ಬುತ್ತಿ ಕಟ್ಟಿ ಕೊಡುವಾಗ "ಹೇಳಿದ್ರೇನು?" ಎಂದು ಕೇಳುತ್ತಿದ್ದಳು. ನಾಲ್ಕನೆಯ ದಿನದಿಂದ ಕೇಳುವುದನ್ನೂ ಬಿಟ್ಟಳು. ಅದು ಇನ್ನೂ ಕೆಟ್ಟದಾಗಿತ್ತು. ಹೀಗೆ ಹನ್ನೊಂದು ದಿನ ಕಳೆದೆ. ಆ ಹನ್ನೊಂದು ದಿನಗಳಲ್ಲಿ ಒಂದು ಸೋಮವಾರ ಭಾಗ್ಯಶ್ರೀಯ ಜೊತೆ ಕಾಡಿಗೂ ಹೋಗಿ ಬಂದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಲ್ಯಾಬಿಗೆ ಹೋದಾಗ ಅವಳು ಕಡ್ಡಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಒಂದೊಂದನ್ನೂ ಸ್ಟ್ರಾ ಕೊಳವೆಯೊಳಗಿಟ್ಟು, ಮರದ ನಂಬರು ಬರೆದು, ಎರಡೂ ತುದಿ ಮುಚ್ಚಿ ಇಟ್ಟಿದ್ದವಳು ಈಗ ಹಿಡಿ ಹಿಡಿಯಾಗಿ ಹಾಕುತ್ತಿದ್ದಳು. ಮೇಜಿನ ಮೇಲೆ ಒಂದು ಕಾಗದವಿತ್ತು.

"ಏನವ್ವಾ ಇದು?"

"ಕಡ್ಡಿ ಅಧ್ಯಾಯ ತೆಗೆದು ಹಾಕಾಕತ್ತೀನ್ರಿ ಕಾಕಾ. ನಾ ತೆಗೆದ ಮಾದರಿ ಸರಿ ಇಲ್ಲಂತ ಬರದೀನಿ. ನಾಳೆ ಸರ್ ಸಹಿ ಮಾಡ್ತಾರ." ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಟೇಪಿನ ಅಂಕಿ ಇಟ್ಟು ಡಿಗ್ರಿ ಒಂದು ತಗೊಂಡು ಬಿಡ್ತೀನಿ. ಆಮ್ಯಾಲ ಈ ಕೆಲಸ ಬ್ಯಾಡ. ದಿಲ್‌ಸುಖ್‌ನಗರದಾಗ ಒಂದು ಕೋಚಿಂಗ್ ಸೆಂಟರ್ ಐತಿ, ಕಲಸಾಕ ಬಾ ಅಂದಾರ. ನನ್ನ ಕೈಯಾಗ ಅಳತಿ ನಿಲ್ಲಂಗಿಲ್ರಿ. ನಾಲ್ಕು ವರ್ಷಕ್ಕ ಇಷ್ಟಾರ ಗೊತ್ತಾತಲ್ಲ."

ಅವಳ ಅಂಗೈ ಕಂಡಿತು. ಬೋರರ್ ತಿರುಗಿಸಿ ತಿರುಗಿಸಿ ಬೆರಳ ಬುಡದಲ್ಲಿ ದಡ್ಡುಗಟ್ಟಿತ್ತು.

"ನಿನ್ನ ಕಡ್ಡಿ ಸುಳ್ಳಲ್ಲವ್ವಾ" ಎಂದೆ. "ನನ್ನ ಟೇಪು ಸುಳ್ಳು."

"ಸಮಾಧಾನ ಮಾಡಬ್ಯಾಡ್ರಿ ಕಾಕಾ. ಸಾಕಾಗೈತಿ ನನಗ."

ಸಮಾಧಾನದ ಮಾತು ನನಗೆ ಬರುವುದೂ ಇಲ್ಲ. ಗೋಡೆಗೆ ಒರಗಿಸಿದ್ದ ಉಕ್ಕಿನ ಅಳತೆಪಟ್ಟಿಯನ್ನು ತಂದು ಅವಳ ಕೈಗೆ ಕೊಟ್ಟು, ಎದುರಿಗೆ ನಿಂತುಕೊಂಡೆ. "ಜೇಬು ಎಲ್ಲೈತಿ ನೋಡು." ಅವಳು ಬೇಸರದಿಂದಲೇ ಬಗ್ಗಿದಳು. ಓದಿದಳು. ಮತ್ತೆ ಓದಿದಳು. ಆಮೇಲೆ ನನ್ನ ಜೇಬನ್ನಲ್ಲ, ನನ್ನ ಹೆಗಲನ್ನು, ಕತ್ತನ್ನು, ಬೆನ್ನನ್ನು ನೋಡಿದಳು. ಜಾಣೆ. ನಾನು ಮೆಟ್ರೋ ಕಂಬದ ಬಳಿ ಅಷ್ಟು ಹೊತ್ತು ನಿಂತು ತಿಳಿದದ್ದನ್ನು ಅವಳು ನಿಂತ ನಿಲುವಿನಲ್ಲೇ ತಿಳಿದಳು.

ಸ್ಟೂಲಿನ ಮೇಲೆ ಕುಳಿತಳು. ಅವಳು ಸಂತೋಷಪಡುತ್ತಾಳೆ, ಕಾಕಾ ಬದುಕಿಸಿದ್ರಿ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆನೋ ಏನೋ. ಅವಳು ಕೇಳಿದ್ದು ಬೇರೆ.

"ಯಾವಾಗ ಗೊತ್ತಾತ್ರಿ?"

"ಹನ್ನೊಂದು ದಿನ ಆತು."

"ಹನ್ನೊಂದು ದಿನ." ಅವಳ ಕಣ್ಣಲ್ಲಿ ಆಗ ನೀರು ಬಂತು. "ಸೋಮವಾರ ನಾ ಎಂಟು ಮರ ಮತ್ತ ಕೊರದೀನಿ. ಬೋರರ್ ಓರೆ ಆಗಬಾರದಂತ ನೀವ ಹಿಡಕೊಂಡು ನಿಂತಿದ್ರಿ. ಆವಾಗ ಗೊತ್ತಿತ್ತೇನ್ರಿ ನಿಮಗ?"

ಗೊತ್ತಿತ್ತು. ಹೌದೆಂದು ತಲೆಯಾಡಿಸಿದೆ. ಅವಳು ಮುಖ ತಿರುಗಿಸಿಕೊಂಡು, ಪೆಟ್ಟಿಗೆಗೆ ತುಂಬಿದ್ದ ಕಡ್ಡಿಗಳನ್ನು ಮತ್ತೆ ಒಂದೊಂದಾಗಿ ಹೊರತೆಗೆದು ನಂಬರಿನ ಪ್ರಕಾರ ಜೋಡಿಸತೊಡಗಿದಳು. ನಾನು ಸಹಾಯಕ್ಕೆ ಕೈ ಚಾಚಿದೆ. "ಬ್ಯಾಡ್ರಿ, ನಾನ ಮಾಡ್ತೀನಿ" ಎಂದಳು. ಮೂವತ್ತೊಂದು ವರ್ಷದಲ್ಲಿ ನನಗೆ ಮುಟ್ಟಬೇಡ ಅಂದವರು ಅವಳೊಬ್ಬಳೇ, ಮತ್ತು ಅದು ನ್ಯಾಯವಾಗಿತ್ತು.

ಮರುವಾರ ಕಾಡಿಗೆ ಹೋದೆವು. ಈ ಸಲ ನೂರಾ ಮೂವತ್ತರ ಅಲ್ಯೂಮಿನಿಯಂ ಕೋಲು ಕೊಂಡೊಯ್ದೆವು, ಒಲೆಗೆ ಹಾಕಿದರೂ ಉರಿಯದ್ದು. ಪ್ರತಿ ಮರಕ್ಕೂ ಎರಡು ಅಳತೆ: ನಾನು ಹಾಕಿಸಿದ್ದ ಪಟ್ಟಿಯ ಮೇಲೊಂದು, ಕೋಲು ತೋರಿಸಿದಲ್ಲಿ ಇನ್ನೊಂದು. 2023ರ ಬಣ್ಣ ಇನ್ನೂ ಮಾಸಿರಲಿಲ್ಲ. ಕೋಲು ನಿಲ್ಲಿಸಿದರೆ ಅದರ ತುದಿ ಬಣ್ಣದ ಪಟ್ಟಿಗಿಂತ ನಾಲ್ಕು ಬೆರಳು ಮೇಲೆ. ಪ್ರತಿ ಮರದಲ್ಲೂ ನಾಲ್ಕು ಬೆರಳು. ಕುಗ್ಗಿದ ಮೇಲೂ ನಾನು ಎಷ್ಟು ಕರಾರುವಾಕ್ಕಾಗಿ ತಪ್ಪಿದ್ದೆ ಎಂದು ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಟೇಪಿನ ತುದಿ ಹಿಡಿದಿದ್ದ ಮೌನಪ್ಪ ಮೂರು ನಾಲ್ಕು ಮರ ನೋಡಿ ತಡೆಯಲಾರದೆ ಕೇಳಿದ. "ಇದೇನ್ರಿ ಸಾಹೇಬ್ರ, ಬಣ್ಣ ಎಲ್ಲಾ ಕೆಳಗ ಜಾರೈತಿ?"

"ಬಣ್ಣ ಜಾರಿಲ್ಲೋ. ನಾ ಜಾರೀನಿ."

ಅವನು ನಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಚೀಲವನ್ನು ತಾನೇ ಎತ್ತಿ ನೆರಳಿಗೆ ತಂದಿಟ್ಟ. ಭಾಗ್ಯಶ್ರೀ ದೂರದ ಮತ್ತಿ ಮರದ ಬುಡದಲ್ಲಿ ಒಬ್ಬಳೇ ಕುಳಿತು ಉಂಡಳು. ನನ್ನೊಡನೆ ಅವಳು ಅಂಕಿಗಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರು ದಿನ ಹಾಗೇ ನಡೆಯಿತು. ಮರದಿಂದ ಮರಕ್ಕೆ ಬಗ್ಗಿ ಎದ್ದು ನನ್ನ ಬೆನ್ನು ಸುಡುತ್ತಿತ್ತು. ಯಾರಿಗೆ ಹೇಳಲಿ, ಹೇಳುವ ಮುಖ ಎಲ್ಲಿತ್ತು?

ಕೂಡಿಸಿದಾಗ ಎರಡು ಜಾಗದ ನಡುವೆ ಸರಾಸರಿ ಒಂದು ಸೆಂಟಿಮೀಟರಿನ ವ್ಯತ್ಯಾಸ ಬಂತು. ಅದನ್ನು ಕಳೆದರೆ ಐದು ವರ್ಷದ ಬೆಳವಣಿಗೆ ಎರಡೂವರೆ. ಉಂಗುರಗಳು ಹೇಳಿದ್ದು ಎರಡೂವರೆ. ಅವಳ ಕೈ ಎಲ್ಲಿಯೂ ತಪ್ಪಿರಲಿಲ್ಲ. ಕಾಡು ಅವಸರ ಮಾಡುತ್ತಿರಲಿಲ್ಲ, ಮೊದಲಿನಂತೆಯೇ ನಿಧಾನವಾಗಿ ಬೆಳೆಯುತ್ತಿತ್ತು. ವಿಶ್ವಜಿತ್ ಸರ್‌ಗೆ ಇದನ್ನು ತಿಳಿಸಲು ನಾವಿಬ್ಬರೂ ಹೋದೆವು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಸಭೆಗಳಲ್ಲಿ ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು, ಸುಲಭವೇ? ಕೊನೆಗೆ, ಕಡ್ಡಿ ಅಧ್ಯಾಯ ಇರಲಿ, ಟೇಪಿನ ಅಂಕಿಗಳನ್ನು ತಿದ್ದಿ ಬರೆ, ಗಡುವಿನೊಳಗೆ ಮುಗಿಸು ಎಂದು ಅವಳಿಗೆ ಹೇಳಿದರು. ನನ್ನನ್ನು ಮಾತ್ರ ಹಿಂದೆ ನಿಲ್ಲಿಸಿಕೊಂಡರು. "ನಿನ್ನ ಎಂಟು ತಿಂಗಳು ಮರ್ಯಾದೆಯಿಂದ ಮುಗಿಯಲಿ ಹಂಪಯ್ಯ. ನಾನು ನೋಡಿಕೊಳ್ಳುತ್ತೇನೆ" ಎಂದು ಹಿಂದಿಯಲ್ಲಿ ಹೇಳಿ ಹೆಗಲ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯ.

ಪ್ರಬಂಧ ಒಪ್ಪಿಸುವ ಮುನ್ನಾದಿನ ಬೆಳಿಗ್ಗೆ ಭಾಗ್ಯಶ್ರೀ ನನ್ನನ್ನು ಕರೆದಳು. ಅವಳ ಮುಖ ಬತ್ತಿಹೋಗಿತ್ತು. ಆ ಮೂರು ದಿನದ ಕಾಡಿನ ನಂತರ ಅವಳಾಗಿ ನನ್ನನ್ನು ಕರೆದದ್ದು ಅದೇ ಮೊದಲು.

"ತಪ್ಪು ಹೆಂಗಾತಂತ ಬರೀಬೇಕ್ರಿ ಕಾಕಾ. ಸರ್ ಒಂದು ವಾಕ್ಯ ಬರದು ಕಳಿಸ್ಯಾರ. ನೀವು ಒಮ್ಮೆ ಕೇಳ್ರಿ."

ಪರದೆಯ ಮೇಲಿನ ಇಂಗ್ಲಿಷನ್ನು ಅವಳು ಕನ್ನಡದಲ್ಲಿ ಹೇಳಿದಳು. 2023ರಲ್ಲಿ ತರಬೇತಿಯಿಲ್ಲದ ದಿನಗೂಲಿ ಕಾರ್ಮಿಕರು ಅಳತೆ ತೆಗೆದದ್ದರಿಂದ ಎತ್ತರದಲ್ಲಿ ವ್ಯತ್ಯಾಸವಾಗಿದೆ. ನಂತರ ಸಂಸ್ಥೆಯ ಅನುಭವಿ ಸಿಬ್ಬಂದಿ ಅದನ್ನು ಪತ್ತೆಹಚ್ಚಿ ಸರಿಪಡಿಸಿದ್ದಾರೆ.

ಅನುಭವಿ ಸಿಬ್ಬಂದಿ ಎಂದರೆ ನಾನು. ದಿನಗೂಲಿಯವರು ಎಂದರೆ ಮೌನಪ್ಪ ಮತ್ತು ಅವನ ನಾಲ್ಕು ಜನ. ನಾನು ತೋರಿಸಿದಲ್ಲಿ ಬಣ್ಣ ಹಚ್ಚಿದವರು. ಈ ವಾಕ್ಯವನ್ನು ಅವರು ಎಂದೂ ಓದುವುದಿಲ್ಲ. ಓದು ಬಂದರಲ್ಲವೇ? ಕೊಂಡಾಪುರದಲ್ಲೋ ಇನ್ನೆಲ್ಲೋ ಹತ್ತನೆಯ ಮಹಡಿಗೆ ಇಟ್ಟಿಗೆ ಹೊರುವಾಗ ಅವರಿಗೆ ಇದರಿಂದ ಯಾವ ನಷ್ಟವೂ ಇಲ್ಲ. ನನಗೆ ಮಾತ್ರ ಪೂರ್ತಿ ಲಾಭ. ನಿವೃತ್ತಿಯ ದಿನ ಹಾರ, ಶಾಲು, ಎಲ್ಲರೆದುರು ಎರಡು ಒಳ್ಳೆಯ ಮಾತು, ಮನೆ. ಸುಮ್ಮನೆ ಹೂಂ ಅಂದರೆ ಸಾಕಿತ್ತು. ಎಷ್ಟು ದಣಿದಿದ್ದೆನೆಂದರೆ, ಆ ಹೂಂ ನಾಲಿಗೆಯ ಮೇಲೆ ಬಂದು ಕುಳಿತೇ ಇತ್ತು.

ಭಾಗ್ಯಶ್ರೀ ನನ್ನನ್ನೇ ನೋಡುತ್ತಿದ್ದಳು. ಹಾಗೆ ಬರೆಯಲೇ ಎಂದು ಕೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಇನ್ನೊಬ್ಬರ ತಪ್ಪನ್ನು ತನ್ನ ಕೈಯ ತಪ್ಪೆಂದು ನಂಬಿ ತಿಂಗಳುಗಟ್ಟಲೆ ಬೆಂದವಳು ಅವಳು.

"ಇದನ್ನ ಅಳಿಸು" ಎಂದೆ. "ಮೌನಪ್ಪ ಟೇಪು ಹಿಡಿದಾನ, ಅಳತಿ ಅವನದಲ್ಲ. ಗೀರಿದವ ನಾನು. ಒಬ್ಬನ. ನನ್ನ ಹೆಸರು ಹಾಕು."

"ಸರ್ ಸಿಟ್ಟಾಗ್ತಾರ್ರಿ."

"ಆಗಲಿ."

"ನಿಮ್ಮ ನಿವೃತ್ತಿ..."

"ಅದು ಆಗೇ ಆಗತೈತಿ. ಹಾರ ಹಾಕ್ಲಿಲ್ಲಂದ್ರ ಬೆನ್ನಿಗೆ ಅಷ್ಟ ಭಾರ ಕಡಿಮಿ. ಬರಿ ಅವ್ವಾ."

ಅವಳು ಅಳಿಸಿದಳು. ಹೊಸದಾಗಿ ಬರೆಯತೊಡಗಿ, ಅರ್ಧಕ್ಕೆ ನಿಲ್ಲಿಸಿ, ನನ್ನ ಕಡೆ ತಿರುಗಿದಳು. "ಕಾಕಾ, ನಿಮ್ಮ ಪೂರ್ತಿ ಹೆಸರೇನ್ರಿ?"

ಹೇಳಿದೆ. ಅಪ್ಪನ ಹೆಸರು, ಊರು ಎಲ್ಲ ಸೇರಿಸಿ ಹೇಳಿದೆ. ನನ್ನ ಅಂಕಿಗಳ ಮೇಲೆ ಈ ಸಂಸ್ಥೆಯಿಂದ ಇದುವರೆಗೆ ಹತ್ತೊಂಬತ್ತು ಲೇಖನಗಳು ಅಚ್ಚಾಗಿವೆ. ಎಲ್ಲದರ ಕೊನೆಗೂ 'ಕ್ಷೇತ್ರ ಸಿಬ್ಬಂದಿಗೆ ಧನ್ಯವಾದ' ಎಂದಿರುತ್ತದೆ. ಯಾರು ಆ ಸಿಬ್ಬಂದಿ ಎಂದು ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಸರಿಯಾಗಿ ಅಳೆದ ಸಾವಿರಾರು ಮರಗಳಿಗೆ ಬಾರದ ನನ್ನ ಹೆಸರು, ತಪ್ಪಿ ಅಳೆದ ಮರಗಳಿಗೆ ಬಂತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಜೊತೆಗೇ, ಸುಳ್ಳು ಯಾಕೆ ಹೇಳಲಿ, ಒಳಗೆಲ್ಲೋ ಖುಷಿಯೂ ಆಯಿತು, ಮತ್ತು ಆ ಖುಷಿಗೆ ಇನ್ನಷ್ಟು ನಾಚಿಕೆಯಾಯಿತು.

ಅವಳು ಬರೆದು ಮುಗಿಸಿ, ಬೆರಳಿಟ್ಟು ತೋರಿಸುತ್ತ, ನಿಧಾನವಾಗಿ ಕನ್ನಡದಲ್ಲಿ ಓದಿದಳು. ಈ ಅಳತೆಯ ಎತ್ತರವನ್ನು ಗುರುತಿಸಿದವರು ಹಂಪಯ್ಯ. ಅವರ ಬೆನ್ನು ಬಾಗಿದ್ದರಿಂದ ಗುರುತು ಏಳು ಸೆಂಟಿಮೀಟರು ಇಳಿದಿದೆ. ಇದನ್ನು ಪತ್ತೆಹಚ್ಚಿ ತಿಳಿಸಿದವರೂ ಅವರೇ.

"ಸರಿ ಐತೇನ್ರಿ?" ಎಂದಳು.

"ತಿಳಿಸಾಕ ಹನ್ನೊಂದು ದಿನ ತಡ ಮಾಡಿದಾರ ಅಂತನೂ ಸೇರಿಸು" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ, ಅದನ್ನೂ ಸೇರಿಸಿದಳು.